ಟ್ಯಾಂಕಿನ ಕಾಲುಭಾಗ ಮತ್ತು ನನ್ನ ಕ್ಯಾಲ್ಕುಲಸ್

ಮೊನ್ನೆ ನಾಸಿಕ್ ರೋಡಿನ ನಮ್ಮ ಮನೆಗೆ ಗದಗಿನ ಕಡೆಯ ಇಬ್ಬರು ಹುಡುಗಿಯರು ಬಂದಿದ್ದರು. ಡಿಪ್ಲೊಮಾ ಮುಗಿಸಿ ಸಂಭಾಜಿನಗರದ ಹತ್ತಿರದ ಬಿಡಕಿನ್‌ನ ಹೊಸ ಕಾರ್ಖಾನೆಯೊಂದಕ್ಕೆ ಸೇರಲು ಹೊರಟವರು. "ಆಂಟಿ, ಇಷ್ಟ ವರ್ಷ ನೀವು ಏನ್ ಕೆಲಸ ಮಾಡಿದ್ರಿ?" ಎಂದು ಕೇಳಿದರು. "ಟ್ಯಾಂಕಿನ್ಯಾಗ ಎಷ್ಟ ಐತಿ ಅಂತ ಹೇಳೂ ಕೆಲಸ" ಎಂದೆ. ಇಬ್ಬರೂ ಮುಖ ಮುಖ ನೋಡಿಕೊಂಡು ನಕ್ಕರು. ಟ್ಯಾಂಕಿನಲ್ಲಿ ಎಷ್ಟಿದೆ ಎಂದು ಹೇಳಲು ಒಬ್ಬ ಹೆಂಗಸಿಗೆ ಸಂಬಳ ಕೊಡುತ್ತಾರೆಯೇ ಎಂಬುದು ಅವರ ಅನುಮಾನ. ಅವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ. ಬಡ್ತಿಗಳ ಸಂಗತಿ ಬಿಟ್ಟುಬಿಡುತ್ತೇನೆ, ಸಿಕ್ಕಿದ್ದೇ ಕಡಿಮೆ.

ನಮ್ಮದು ಟ್ಯಾಂಕು ತಯಾರಿಸುವ ಸಣ್ಣ ಕಂಪನಿ. ಡೀಸೆಲ್ಲಿಗೆ, ಎಣ್ಣೆಗೆ, ಕೊನೆಕೊನೆಗೆ ಹಾಲಿಗೆ. ಪ್ರತಿ ಟ್ಯಾಂಕಿನ ಜೊತೆ ಒಂದು ಅಳತೆ ಕೋಲು, ಒಂದು ಚಾರ್ಟ್ ಕೊಡಬೇಕು. ಕೋಲನ್ನು ಮೇಲಿನ ಕಿಂಡಿಯಿಂದ ತಳ ಮುಟ್ಟಿಸಿ ಎತ್ತಿ, ಎಲ್ಲಿಯವರೆಗೆ ಒದ್ದೆಯಾಗಿದೆ ನೋಡಿ, ಆ ಗುರುತಿಗೆ ಎಷ್ಟು ಲೀಟರ್ ಎಂದು ಚಾರ್ಟಿನಲ್ಲಿ ಓದಿಕೊಳ್ಳುವುದು. ಆ ಚಾರ್ಟ್ ಮಾಡುವವಳು ನಾನು. ಟ್ಯಾಂಕು ನೆಟ್ಟಗೆ ನಿಂತಿದ್ದರೆ ಇದು ಮಕ್ಕಳ ಲೆಕ್ಕ. ಆದರೆ ನಮ್ಮ ಟ್ಯಾಂಕುಗಳೆಲ್ಲ ಅಡ್ಡ ಮಲಗುವಂಥವು. ಮಲಗಿದ ಟ್ಯಾಂಕಿನ ತಳ ಕಿರಿದು, ನಡು ಅಗಲ, ಮೇಲೆ ಮತ್ತೆ ಕಿರಿದು. ತಳದ ಒಂದು ಸೆಂಟಿಮೀಟರಿಗೆ ಕೊಡಗಳ ಲೆಕ್ಕದಲ್ಲಿ ಹಿಡಿಯುವ ನೀರು, ನಡುವಿನ ಒಂದು ಸೆಂಟಿಮೀಟರಿಗೆ ಹಂಡೆಗಳ ಲೆಕ್ಕದಲ್ಲಿ ಹಿಡಿಯುತ್ತದೆ. ಕೋಲನ್ನು ಸಮನಾಗಿ ಭಾಗ ಮಾಡಿದರೆ ಕೆಟ್ಟಿತು.

ನಾಸಿಕ್‌ನಲ್ಲಿ ನಾನು ಸೇರಿದಾಗ ಲೆಕ್ಕವೇ ಇರಲಿಲ್ಲ, ನೀರಿತ್ತು. ಮೀಟರ್ ಹಚ್ಚಿದ ಪೈಪಿನಿಂದ ಟ್ಯಾಂಕಿಗೆ ಒಂದಿಷ್ಟು ನೀರು ಬಿಡುವುದು, ನಿಲ್ಲಿಸುವುದು, ಅಲೆ ಅಡಗುವವರೆಗೆ ಕಾಯುವುದು, ಕೋಲು ಇಳಿಸಿ ಗುರುತು ಹಾಕುವುದು, ಮತ್ತೆ ಬಿಡುವುದು. ನೀರು ಬಿಡುವವನು ಶರಣಪ್ಪ. ಆಳಂದದ ಕಡೆಯವನು, ನನಗಿಂತ ವಯಸ್ಸಿನಲ್ಲಿ ಚಿಕ್ಕವನು. ಕಿಂಡಿಯಲ್ಲಿ ತಲೆ ತೂರಿಸಿ ನೋಡಿ "ನಿಂತದರಿ!" ಎಂದು ಅವನು ಕೂಗುವವರೆಗೆ ಯಾರೂ ಕೆಮ್ಮುವಂತೆಯೂ ಇರಲಿಲ್ಲ. ನಮ್ಮ ಮೊದಲ ಸಾಹೇಬರು ಗೋಡಬೋಲೆ ಎಂಬವರು, ನೀರು ನಿಲ್ಲುವ ಮೊದಲು ಅಂಕಿ ಹೇಳಿದವರಿಗೆ ಆ ದಿನ ಚಹಾ ಕೊಡಿಸುತ್ತಿರಲಿಲ್ಲ. ಬೇಸಿಗೆಯಲ್ಲಿ ತಗಡು ಕಾದು ಹಂಚಾಗಿರುತ್ತಿತ್ತು. ಒಂದು ಟ್ಯಾಂಕಿಗೆ ಇಡೀ ದಿನ ಹಿಡಿಯುತ್ತಿತ್ತು. ಆದರೂ ಆಗ ನನಗೆ ಯಾವ ಗೊಂದಲವೂ ಇರಲಿಲ್ಲ, ಕಂಡದ್ದನ್ನು ಬರೆಯುತ್ತಿದ್ದೆ.

ಗೊಂದಲ ಮಾಡಿಕೊಳ್ಳುತ್ತಿದ್ದವರು ಗಿರಾಕಿಗಳು. ನಮ್ಮೂರಲ್ಲೇ ಹೋಟೆಲಿಟ್ಟಿದ್ದ ಉಡುಪಿ ಕಡೆಯವರೊಬ್ಬರು ಜನರೇಟರಿಗೆಂದು ನಮ್ಮ ಟ್ಯಾಂಕು ಕೊಂಡಿದ್ದರು. ಒಂದು ಮಧ್ಯಾಹ್ನ ಫೋನ್ ಮಾಡಿ, "ಎಂಥ ಚಾರ್ಟ್ ಮಾರಾಯ್ರೆ ನಿಮ್ಮದು! ಕೋಲಿನಲ್ಲಿ ಡೀಸೆಲ್ ಉಂಟು ಅಂತ ತೋರಿಸ್ತದೆ, ಜನರೇಟರ್ ಮಾತ್ರ ನಿಂತು ಹೋಯ್ತು" ಎಂದು ರೇಗಿದರು. ಓಡಿಹೋಗಿ ನೋಡಿದರೆ ಕೋಲು ಗಿಡ್ಡವಾಗಿದೆ. ಅಡುಗೆಮನೆಯ ತಗಡಿನ ಮಾಡಿಗೆ ತಾಗುತ್ತದೆಂದು ಗರಗಸ ಹಾಕಿಸಿದ್ದಾರೆ, ಅದೂ ಗುರುತುಗಳು ಶುರುವಾಗುವ ಕೆಳಗಿನ ತುದಿಗೆ. "ಸ್ವಲ್ಪವೇ ಅಲ್ವಾ ಕತ್ತರಿಸಿದ್ದು" ಎಂದರು. ನಾನು ಹೊಸ ಕೋಲು ಕೊಟ್ಟೆ, ಅವರು ಮಸಾಲೆ ದೋಸೆ ಕೊಟ್ಟರು. ಕೋಲನ್ನು ಕೊಡುವಾಗ ತುದಿ ಯಾವುದು, ಬುಡ ಯಾವುದು ಎಂದು ಬಾಯಿಬಿಟ್ಟು ಹೇಳಬೇಕೆಂಬುದನ್ನು ಹುಡುಗಿಯರೇ, ನೀವು ಈಗಲೇ ತಿಳಿದುಕೊಳ್ಳಿ.

ಆಮೇಲೆ ಕಂಪ್ಯೂಟರ್ ಬಂತು. ಅದರಲ್ಲಿ ಪುಣೆಯ ಯಾರೋ ಮಾಡಿಕೊಟ್ಟ ಲೆಕ್ಕದ ಶೀಟು. ಉದ್ದ, ಅಗಲ ತುಂಬಿದರೆ ಚಾರ್ಟ್ ಉದುರುತ್ತಿತ್ತು. ಒಳಗೆ ಏನಿದೆ ಎಂದು ಕೇಳಿದವರಿಲ್ಲ, ಹೇಳುವವರೂ ಇರಲಿಲ್ಲ. ನಾಸಿಕ್‌ನ ಘಟಕ ಮುಚ್ಚಿ ನಮ್ಮನ್ನೆಲ್ಲ ಸಂಭಾಜಿನಗರಕ್ಕೆ ಕಳಿಸಿದ ಮೇಲಂತೂ ನೀರಿನ ಅಳತೆ ಎರಡೇ ಹಂತಕ್ಕೆ ಇಳಿಯಿತು. ಸೋರುತ್ತದೆಯೇ ಎಂದು ನೋಡಲು ಹೇಗೂ ಟ್ಯಾಂಕರ್ ನೀರು ತರಿಸಿ ತುಂಬಲೇಬೇಕು. ಆಗಲೇ ಅರ್ಧಕ್ಕೊಮ್ಮೆ, ಪೂರ್ತಿಗೊಮ್ಮೆ ಕೋಲು ಇಳಿಸಿ ಶೀಟಿನ ಅಂಕಿಗೆ ತಾಳೆ ನೋಡುವುದು. ಎರಡೂ ಕೂಡಿಬಂದರೆ ಚಾರ್ಟ್ ಸರಿ. ಹಂತಹಂತಕ್ಕೆ ನಿಲ್ಲಿಸಿದರೆ ಟ್ಯಾಂಕರಿನ ಡ್ರೈವರು ಬೈಯುತ್ತಿದ್ದ. ಎರಡೂ ಪ್ರತಿಸಲ ಕೂಡಿಬರುತ್ತಿದ್ದವು, ನಾವು ನೆಮ್ಮದಿಯಾಗಿದ್ದೆವು.

ಅಲ್ಲಿಯ ಸಾಹೇಬರು ಕುಲಕರ್ಣಿ. ಕೆಟ್ಟವರಲ್ಲ, ಖರ್ಚು ಕಂಡರೆ ಮಾತ್ರ ಮೈಮೇಲೆ ಹುಳ ಬಿದ್ದಂತೆ ಆಡುವರು. ನನ್ನ ನಿವೃತ್ತಿಗೆ ಎರಡು ವರ್ಷವಿದ್ದಾಗ ಹಾಲಿನ ಡೇರಿಯೊಂದರಿಂದ ದೊಡ್ಡ ಆರ್ಡರ್ ಬಂತು. ಸಾಹೇಬರು ನನ್ನನ್ನು ಕರೆಸಿ ಮರಾಠಿಯಲ್ಲಿ ಹೇಳಿದರು: "ಅಹೋ ಬಾಈ, ಇನ್ನು ಸೋರಿಕೆಯನ್ನು ಗಾಳಿ ತುಂಬಿ, ಸೋಪಿನ ನೀರು ಹಚ್ಚಿ, ಗುಳ್ಳೆ ಏಳುತ್ತದೆಯೇ ಎಂದು ನೋಡೋಣ. ಟ್ಯಾಂಕರ್ ಬೇಡ. ಡೇರಿಯವರು ಇದಕ್ಕೆ ಒಪ್ಪಬೇಕಾದರೆ ಚಾರ್ಟಿನ ಲೆಕ್ಕವನ್ನು ವಿವರಿಸಿ ಹೇಳುವವರು ನಮ್ಮಲ್ಲಿ ಒಬ್ಬರು ಬೇಕು. ಅದೇನೋ ಕ್ಯಾಲ್ಕುಲಸ್ ಅಂತೆ. ನೀವು ಕಲಿತುಬಿಡಿ. ನೀರೂ ಉಳಿಯುತ್ತದೆ, ಆಳೂ ಉಳಿಯುತ್ತದೆ."

ಆಳು ಎಂದರೆ ಶರಣಪ್ಪ ಎಂಬುದು ನನಗೆ ಹೊಳೆದದ್ದು ಮೆಟ್ಟಿಲಿಳಿಯುವಾಗ. ನೀರು ನಿಂತರೆ ಅವನಿಗೆ ಕೆಲಸವಿಲ್ಲ. ಬೇರೆ ವಿದ್ಯೆ ಅವನಿಗೆ ಗೊತ್ತಿಲ್ಲ, ಕೂತು ತಿನ್ನುವ ಆಸ್ತಿಯೂ ಇಲ್ಲ, ಮಗಳು ನರ್ಸಿಂಗ್ ಓದುತ್ತಿದ್ದಾಳೆ. ನಾನು ಒಂದು ವಿದ್ಯೆ ಕಲಿತರೆ ಅವನು ಮನೆಗೆ ಹೋಗುತ್ತಾನೆ. ಕಲಿಯದಿದ್ದರೆ ಲೆಕ್ಕ ಹೊರಗಿನ ಏಜೆನ್ಸಿಗೆ ಹೋಗುತ್ತದೆ, ಆಗ ಇಬ್ಬರೂ ಮನೆಗೆ. ಅತ್ತ ದರಿ, ಇತ್ತ ಪುಲಿ.

ತಡೆಯಲಾರದೆ ಅವನಿಗೆ ಹೇಳಿಯೇಬಿಟ್ಟೆ. ಪೈಪು ಸುತ್ತುತ್ತಿದ್ದವನು ತಲೆಯೆತ್ತಲಿಲ್ಲ. "ನಂಗ ಗೊತ್ತದ ಬಿಡ್ರಿ ಅಕ್ಕಾರ. ಸಾಹೇಬ ಸೋಪಿನ ಡಬ್ಬಿ ತರಿಸ್ದಾಗೇ ತಿಳೀತು. ನೀವು ಕಲೀರಿ. ನನ್ನ ಸಲುವಾಗಿ ಕಲಿಯೂದು ಬಿಟ್ಟೀರಂದ್ರ ನಂಗ ಛಲೋ ಅನ್ಸಂಗಿಲ್ಲ."

"ನನಗ ತಲಿಗೆ ಹತ್ತೂದಿಲ್ಲೋ ಮಾರಾಯ."

"ಹತ್ತತದರಿ. ಹೊಸಬರಿಗಿ ಅಂತ ಪುಸ್ತಕ ಸಿಗ್ತಾವಂತ."

ಸಿಕ್ಕಿತು, ನಾಸಿಕ್ ರೋಡ್ ನಿಲ್ದಾಣದ ಹತ್ತಿರದ ಹಳೆ ಪುಸ್ತಕದಂಗಡಿಯಲ್ಲಿ. ಇಂಗ್ಲಿಷಿನದು. ಗಣಿತಕ್ಕೆ ಹೆದರುವವರಿಗಾಗಿಯೇ ಬರೆದದ್ದು ಎಂದು ರಟ್ಟಿನ ಮೇಲೇ ಇತ್ತು. ಪುಟಪುಟಕ್ಕೂ ನಗುವ ಮುಖದ ಚಿತ್ರ. ನಮ್ಮ ಮನೆ ಅಲ್ಲೇ ಉಳಿದಿತ್ತು. ಶನಿವಾರ ಸಂಭಾಜಿನಗರದಿಂದ ನಾಸಿಕ್‌ಗೆ, ಸೋಮವಾರ ತಿರುಗಿ. ಈ ಬಸ್ಸಿನ ಪ್ರಯಾಣವೇ ನನ್ನ ಶಾಲೆಯಾಯಿತು. ದಾರಿಯ ವೈಜಾಪುರದವರೆಗೆ ಒಂದು ಪುಟ, ಯೇವಲಾ ಬರುವಷ್ಟರಲ್ಲಿ ಅದೇ ಪುಟ ಮತ್ತೊಮ್ಮೆ.

ಮೊದಲ ಅಧ್ಯಾಯ ಚೆನ್ನಾಗಿತ್ತು. ಓಡುವ ಕಾರು, ವೇಗ, ದೂರ. ಎರಡನೆಯದರಲ್ಲಿ ತೊಡಕು ಶುರುವಾಯಿತು. ತೀರ ಚಿಕ್ಕದೊಂದು ತುಣುಕು ತೆಗೆದುಕೊಳ್ಳಿ ಎಂದಿತು ಪುಸ್ತಕ. ಎಷ್ಟು ಚಿಕ್ಕದು? ನಿಮಗೆ ಬೇಕಾದಷ್ಟು. ನಮ್ಮ ಕೋಲಿನಲ್ಲಿ ಮಿಲಿಮೀಟರಿಗಿಂತ ಚಿಕ್ಕ ಗುರುತಿಲ್ಲ, ನನಗೆ ಅಷ್ಟೇ ಬೇಕಾಗಿತ್ತು. ಸಾಲದು ಎಂದಿತು. ಸೊನ್ನೆಯೇ ಎಂದರೆ ಸೊನ್ನೆಯಲ್ಲ, ಸೊನ್ನೆಯಿಂದ ಭಾಗಿಸುವುದು ಮಹಾಪಾಪ. ಹಾಗಾದರೆ ಏನೋ ಒಂದು ಅಂಕಿ ಇರಬೇಕಲ್ಲ? ಭಾಗಿಸುವಾಗ ಇದೆ. ಭಾಗಿಸಿ ಮುಗಿದ ಮೇಲೆ, ಇಷ್ಟು ಚಿಕ್ಕದ್ದನ್ನು ಬಿಟ್ಟುಬಿಡಿ ಎಂದು ಅದನ್ನೇ ಹೊಡೆದುಹಾಕುತ್ತಾರೆ. ಅಡ್ಡಗೋಡೆಯ ಮೇಲೆ ದೀಪವಿಟ್ಟಂಥ ಮಾತು. ಪಕ್ಕದಲ್ಲೇ ನಗುವ ಮುಖ: ನೋಡಿದಿರಾ, ಎಷ್ಟು ಸುಲಭ! ನನಗೆ ಆ ಮುಖಕ್ಕೆ ಒಂದು ಬಾರಿಸಬೇಕೆನಿಸುತ್ತಿತ್ತು.

ಸೋಮವಾರದ ಬಸ್ಸಿನಲ್ಲಿ ಶ್ವೇತಾ ಎಂಬ ಹುಬ್ಬಳ್ಳಿಯ ಎಂಜಿನಿಯರ್ ಹುಡುಗಿ ಪರಿಚಯವಾದಳು. ಅಕ್ಕನ ಮನೆ ನಾಸಿಕ್‌ನಲ್ಲಿ, ಕೆಲಸ ಬಿಡಕಿನ್‌ನಲ್ಲಿ. ದೇವರೇ ಕಳಿಸಿದ ಎಂದುಕೊಂಡು ಪುಸ್ತಕ ಅವಳ ಮುಂದೆ ಹಿಡಿದೆ.

"ಭಾಳ ಈಜಿ ಐತ್ರಿ ಆಂಟಿ. ಇಂಟಿಗ್ರೇಷನ್ ಅಂದ್ರ ಕರ್ವ್ ಕೆಳಗಿನ ಏರಿಯಾ, ಅಷ್ಟ."

"ಯಾವ ಕರ್ವ್ ಅವ್ವ? ನನ್ನ ಟ್ಯಾಂಕಿನ ಕರ್ವ್ ಕೆಳಗ ನೆಲ ಐತಿ. ಮತ್ತ ನನಗ ಏರಿಯಾ ಬ್ಯಾಡ, ಲೀಟರ್ ಬೇಕು."

ಅವಳು ಪುಸ್ತಕದ ಪುಟಗಳನ್ನು ಹಿಂದಕ್ಕೆ ಮುಂದಕ್ಕೆ ತಿರುವಿದಳು. "ಖರೇ ಹೇಳ್ತೀನ್ರಿ, ನಾ ಫಾರ್ಮುಲಾ ಬಾಯಿಪಾಠ ಮಾಡಿ ಪಾಸಾಗೇನಿ. ಏರಿಯಾದಿಂದ ಲೀಟರ್ ಹೆಂಗ ಬರ್ತೈತಿ ಅಂತ ನಾ ಕೇಳೇ ಇಲ್ಲ" ಎಂದಳು. ಅಲ್ಲಿಂದ ಮುಂದಕ್ಕೆ ಇಬ್ಬರೂ ಕೂಡಿ ಗೊಂದಲಪಟ್ಟೆವು. ಒಂಟಿಯಾಗಿ ತಿಳಿಯದಿರುವುದಕ್ಕಿಂತ ಜೊತೆಯಾಗಿ ತಿಳಿಯದಿರುವುದು ಎಷ್ಟೋ ಹಿತ.

ಮುಂದಿನ ಅಧ್ಯಾಯವೊಂದರಲ್ಲಿ ಒಂದು ಮಾತು ಮಾತ್ರ ನನ್ನ ಕೈಗೆ ಸಿಕ್ಕಿತು. ಡೊಂಕಾದ ವಸ್ತುವನ್ನು ಸೌತೆಕಾಯಿಯಂತೆ ತೆಳ್ಳಗೆ ಹೆಚ್ಚಿ, ಒಂದೊಂದು ಹೋಳನ್ನೂ ಅಳೆದು, ಎಲ್ಲವನ್ನೂ ಕೂಡಿಸಿ. ಹೆಚ್ಚುವುದು, ಕೂಡಿಸುವುದು ನನಗೆ ಬರುತ್ತದೆ. ಡೇರಿಯ ಟ್ಯಾಂಕಿನ ನಕ್ಷೆಯನ್ನು ಗೆರೆ ಹಾಳೆಯ ಮೇಲೆ ಬರೆದುಕೊಂಡು ತಳದಿಂದ ಮೇಲಕ್ಕೆ ಪದರು ಪದರಾಗಿ ಹೆಚ್ಚಿದೆ. ಅಲ್ಲಿಯವರೆಗೆ ನಾವು ಮಾಡಿದ ಟ್ಯಾಂಕುಗಳ ಎರಡು ಪಕ್ಕದ ಮುಚ್ಚಳಗಳು ಚಪ್ಪಟೆ. ಡೇರಿಯವರಿಗೆ ಮಾತ್ರ ತೊಳೆಯಲು ಸುಲಭವೆಂದು ಹೊರಕ್ಕೆ ಉಬ್ಬಿದ ಮುಚ್ಚಳ ಬೇಕಾಗಿತ್ತು. ಶೀಟಿನಲ್ಲಿ ಉಬ್ಬಿಗೆಂದು ಇದ್ದ ಖಾನೆಯನ್ನು ನಾವು ತುಂಬಿದ್ದು ಇದೇ ಮೊದಲು. ಉಬ್ಬು ನಡುವಿನಲ್ಲಿ ಹೆಚ್ಚು, ತಳದಲ್ಲಿ ಇಲ್ಲವೆಂಬಷ್ಟು ಕಡಿಮೆ. ಹಾಗಾಗಿ ನನ್ನ ಕೆಳಗಿನ ಪದರುಗಳು ಗಿಡ್ಡ, ನಡುವಿನವು ಉದ್ದ.

ಕೂಡಿಸಿ ಶೀಟಿನ ಪಕ್ಕದಲ್ಲಿಟ್ಟೆ. ಅರ್ಧ ಎತ್ತರಕ್ಕೆ ಎರಡೂ ಹೆಚ್ಚುಕಡಿಮೆ ಒಂದೇ. ಪೂರ್ತಿಗೂ ಒಂದೇ. ಕಾಲುಭಾಗದ ಎತ್ತರಕ್ಕೆ ಮಾತ್ರ ನನ್ನ ಲೆಕ್ಕದಲ್ಲಿ ಹಂಡೆಗಟ್ಟಲೆ ಕಡಿಮೆ. ತಪ್ಪಿದ್ದೇನೆ ಎಂದು ಮತ್ತೆ ಕೂಡಿಸಿದೆ. ಅಷ್ಟೇ ಬಂತು. ನಾನು ತಪ್ಪಾಗಿದ್ದರೆ ಅರ್ಧಕ್ಕೆ ಸರಿಯಾದದ್ದು ಹೇಗೆ? ಶೀಟು ತಪ್ಪಾಗಿದ್ದರೆ ಅದೂ ಅರ್ಧಕ್ಕೆ ಸರಿಯಾದದ್ದು ಹೇಗೆ? ಶ್ವೇತಾಳಿಗೆ ತೋರಿಸಿದೆ. ಅವಳು ಲ್ಯಾಪ್‌ಟಾಪಿನಲ್ಲಿ ಫಾರ್ಮುಲಾ ಹಾಕಿ ಮೂರನೆಯದೊಂದು ಅಂಕಿ ತೆಗೆದಳು. ಅದರ ಪ್ರಕಾರ ಕಾಲು ಟ್ಯಾಂಕಿನಲ್ಲೇ ಇಡೀ ಟ್ಯಾಂಕಿಗಿಂತ ಹೆಚ್ಚು ಹಾಲು ಹಿಡಿಯುತ್ತಿತ್ತು. "ಎಲ್ಲೋ ಮಿಸ್ಟೇಕ್ ಆಗೇತ್ರಿ" ಎಂದು ಲ್ಯಾಪ್‌ಟಾಪ್ ಮುಚ್ಚಿದಳು. ಅಷ್ಟು ನನಗೂ ತಿಳಿದಿತ್ತು.

ಕುಲಕರ್ಣಿ ಸಾಹೇಬರಿಗೆ ಹೇಳಿದೆ. ಅವರು ನನ್ನ ಹಾಳೆಯನ್ನು ನೋಡಲಿಲ್ಲ, ನನ್ನ ಮುಖ ನೋಡಿದರು. "ಬಾಈ, ವರ್ಷಗಟ್ಟಲೆ ನಡೆದ ಶೀಟು ತಪ್ಪು, ನಿಮ್ಮ ಸೌತೆಕಾಯಿ ಸರಿ? ಶರಣಪ್ಪನನ್ನು ಉಳಿಸುವುದಕ್ಕೆ ಇದನ್ನು ಹುಟ್ಟಿಸಿಕೊಂಡಿಲ್ಲ ತಾನೆ?"

ನನಗೆ ಸಿಟ್ಟು ಬಂತು, ಆಮೇಲೆ ಭಯವಾಯಿತು. ಏಕೆಂದರೆ ಖಚಿತವಾಗಿ ಇಲ್ಲ ಎನ್ನಲು ನನಗೇ ಆಗಲಿಲ್ಲ. ಶೀಟು ತಪ್ಪಾಗಿರಲಿ ಎಂದು ನನ್ನ ಮನಸ್ಸು ಬಯಸುತ್ತಿತ್ತು, ಅದು ನಿಜ. ಬಯಸಿದವಳ ಕೈ ಎಲ್ಲೋ ಒಂದು ಪದರನ್ನು ಗಿಡ್ಡ ಮಾಡಿರಬಹುದೇ? ಆ ಪುಸ್ತಕ ನನಗೆ ತಿಳಿಯದೆ ಹೋದದ್ದು ಕಷ್ಟವಾಗಿದ್ದಕ್ಕೋ, ತಿಳಿಯುವುದು ಬೇಡವಾಗಿದ್ದಕ್ಕೋ? ಶರಣಪ್ಪನಿಗೆ ಈ ಸಲ ಏನೂ ಹೇಳಲಿಲ್ಲ. ಆಸೆ ಹುಟ್ಟಿಸಿ ಆಮೇಲೆ ನನ್ನ ಕೂಡಿಕೆಯೇ ತಪ್ಪೆಂದಾದರೆ ಅವನ ಮುಖ ನೋಡುವುದು ಹೇಗೆ?

ಡೇರಿಯ ಕಡೆಯಿಂದ ಪರೀಕ್ಷಿಸಲು ಬಂದವರು ಶಿಂದೆ ಎಂಬ ಹಿರಿಯರು. ಮೊದಲ ಟ್ಯಾಂಕು ಅಂಗಳದಲ್ಲಿ ಹೊಳೆಯುತ್ತಿತ್ತು. ಹಳೆಯ ಪದ್ಧತಿಯಂತೆ ಕೊನೆಯ ಸಲವೆಂದು ನೀರು ತರಿಸಿ ಅರ್ಧ, ಪೂರ್ತಿ ಎರಡನ್ನೂ ಅವರಿಗೆ ತೋರಿಸಿಯಾಗಿತ್ತು. ಎರಡೂ ಶೀಟಿಗೆ ಕೂಡಿಬಂದವು. ಸಾಹೇಬರು ಗೆದ್ದ ಮುಖದಲ್ಲಿ, "ಇನ್ನು ಲೆಕ್ಕವನ್ನು ನಮ್ಮ ಮ್ಯಾಡಮ್ ವಿವರಿಸುತ್ತಾರೆ" ಎಂದರು. ಅವರು ಒಪ್ಪುವಂತೆ ನಾನು ನಾಲ್ಕು ಮಾತು ಹೇಳಿದರೆ ಮುಗಿಯಿತು, ಇನ್ನು ಮುಂದಿನ ಟ್ಯಾಂಕುಗಳಿಗೆ ನೀರಿಲ್ಲ. ಶ್ವೇತಾ ಕಲಿಸಿದ್ದ ನಾಲ್ಕು ಮಾತು ನನಗೆ ಬಾಯಿಪಾಠವಿತ್ತು. ಶರಣಪ್ಪ ಟ್ಯಾಂಕಿನ ಮೇಲೆ ಕೂತು ಬೇರೆಲ್ಲೋ ನೋಡುತ್ತಿದ್ದ.

"ಸರ್," ಎಂದೆ, "ಅರ್ಧಕ್ಕೆ ನನಗೆ ಅನುಮಾನವಿಲ್ಲ, ಪೂರ್ತಿಗೂ ಇಲ್ಲ. ಕಾಲುಭಾಗಕ್ಕೆ ಮಾತ್ರ ಗೊಂದಲವಿದೆ. ಶೀಟು ಒಂದು ಹೇಳುತ್ತದೆ, ನಾನು ಕೈಯಲ್ಲಿ ಕೂಡಿಸಿದ್ದು ಇನ್ನೊಂದು ಹೇಳುತ್ತದೆ. ಯಾವುದು ಸರಿಯೋ ನನಗೆ ಗೊತ್ತಿಲ್ಲ."

ಕುಲಕರ್ಣಿಯವರ ಕಣ್ಣು ನನ್ನನ್ನು ಸುಡುವಂತಿತ್ತು. ಶಿಂದೆಯವರು ಮಾತ್ರ ನನ್ನ ಗೆರೆ ಹಾಳೆ ಇಸಿದುಕೊಂಡು ಬಹಳ ಹೊತ್ತು ನೋಡಿದರು. "ಜಗಳವೇಕೆ? ನೀರು ತುಂಬಿಯೇ ಇದೆಯಲ್ಲ. ಖಾಲಿ ಮಾಡಿ, ಕಾಲುಭಾಗಕ್ಕೆ ತುಂಬಿ ನೋಡೋಣ" ಎಂದರು.

ನೀರನ್ನು ತಿರುಗಿ ಟ್ಯಾಂಕರಿಗೆ ಇಳಿಸಿ ಟ್ಯಾಂಕು ಖಾಲಿ ಮಾಡಿದೆವು. ಯಾವತ್ತೂ ಬಿಸಿಲಿಗೆ ಇಳಿಯದ ಕುಲಕರ್ಣಿಯವರೂ ಏಣಿ ಹತ್ತಿ ಕಿಂಡಿಯ ಹತ್ತಿರ ಬಂದು ನಿಂತರು. ಶರಣಪ್ಪ ಕಣ್ಣಲ್ಲೇ ಸಾಹೇಬರನ್ನು ತೋರಿಸಿ, ನನ್ನ ಕಡೆ ಬಗ್ಗಿ ಮೆಲ್ಲಗೆ, "ಊರಿಗೆ ಬಂದಾಕಿ ನೀರಿಗೆ ಬರಲಾರದೆ ಇರ್ತಾಳೇನ್ರಿ" ಎಂದ. ಅಂಥ ಹೊತ್ತಿನಲ್ಲೂ ನನಗೆ ನಗು ಬಂತು. ಅವನು ಮೀಟರ್ ನೋಡುತ್ತ ನೀರು ಬಿಟ್ಟ, ನಿಲ್ಲಿಸಿದ, ಕಿಂಡಿಯಲ್ಲಿ ತಲೆ ತೂರಿಸಿದ. ಕಾದೆವು.

"ನಿಂತದರಿ!"

ಕೋಲು ಒದ್ದೆಯಾದಷ್ಟಕ್ಕೆ ಶೀಟು ಹೇಳುತ್ತಿದ್ದ ಲೀಟರಿಗಿಂತ ಮೀಟರಿನ ಲೀಟರ್ ಎಷ್ಟೋ ಕಡಿಮೆ. ನನ್ನದಕ್ಕಿಂತ ಒಂದಿಷ್ಟು ಹೆಚ್ಚು. ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಮರುಕ್ಷಣವೇ ಹೊಸ ಗೊಂದಲ: ನನ್ನದೂ ಪೂರ್ತಿ ಸರಿಯಿಲ್ಲವಲ್ಲ?

ಶಿಂದೆಯವರು ಅಲ್ಲೇ ನೆರಳಿನಲ್ಲಿ ಕೂತು ಬಿಡಿಸಿ ಹೇಳಿದರು. ಶೀಟು ಮಾಡಿದವನು ಉಬ್ಬಿನಲ್ಲಿ ಹಿಡಿಯುವ ಹಾಲನ್ನು ಎರಡು ಮುಚ್ಚಳಗಳ ನಡುವಿನ ಕೊಳವೆಯಂಥ ಭಾಗ ತುಂಬುವ ಪ್ರಮಾಣದಲ್ಲೇ ಎಲ್ಲ ಎತ್ತರಕ್ಕೂ ಹಂಚಿಬಿಟ್ಟಿದ್ದಾನೆ. ಉಬ್ಬು ಮೇಲಕ್ಕೂ ಕೆಳಕ್ಕೂ ಒಂದೇ ಸಮ, ಆದ್ದರಿಂದ ಅರ್ಧಕ್ಕೆ ಬಂದಾಗ ತಪ್ಪು ತಾನೇ ಮುಚ್ಚಿಹೋಗುತ್ತದೆ. ಪೂರ್ತಿಗೂ ಅಷ್ಟೇ. ನಾವು ವರ್ಷಗಟ್ಟಲೆ ಸರಿಯಾಗಿ ಆ ಎರಡೇ ಜಾಗದಲ್ಲಿ ಕೋಲು ಇಳಿಸುತ್ತ ಬಂದಿದ್ದೆವು, ಚಪ್ಪಟೆ ಮುಚ್ಚಳಕ್ಕೆ ಅದು ಸಾಕಾಗಿತ್ತು. ಇದು ನನಗೆ ಚೆನ್ನಾಗಿ ತಿಳಿಯಿತು.

"ಮತ್ತೆ ನನ್ನ ಅಂಕಿ ಯಾಕೆ ಕಡಿಮೆ ಬಂತು ಸರ್?"

"ಪ್ರತಿ ಪದರಿನ ಕೆಳಗಿನ, ಕಿರಿದಾದ ಅಂಚನ್ನು ಅಳೆದಿದ್ದೀರಿ ಬಾಈ. ಪದರು ಇನ್ನೂ ತೆಳುವಾಗಬೇಕು."

"ಎಷ್ಟು ತೆಳು?"

"ನಿಮಗೆ ಬೇಕಾದಷ್ಟು. ಸೊನ್ನೆಗೆ ಹತ್ತಿರ ಹೋಗುತ್ತಲೇ ಇರಬೇಕು, ಸೊನ್ನೆಯಾಗಬಾರದು."

ಮತ್ತೆ ಅದೇ! ನಾನು ತಲೆ ಚಚ್ಚಿಕೊಂಡೆ. ಅವರು ಜೋರಾಗಿ ನಕ್ಕು, ನಾನು ಮಾಡಿದ್ದೇ ಕ್ಯಾಲ್ಕುಲಸ್ ಎಂದರು. ಸೌಜನ್ಯಕ್ಕೆ ಹೇಳಿದರೋ ನಿಜಕ್ಕೂ ಹೇಳಿದರೋ. ಹೆಚ್ಚಿ ಕೂಡಿಸುವುದಷ್ಟೇ ಕ್ಯಾಲ್ಕುಲಸ್ ಆಗಿದ್ದರೆ ಆ ಪುಸ್ತಕ ಅಷ್ಟು ದಪ್ಪವೇಕೆ?

ಹೋಗುವ ಮುಂಚೆ ಅವರು ಕುಲಕರ್ಣಿಯವರಿಗೆ ಒಂದು ಷರತ್ತು ಹಾಕಿದರು. ಲೆಕ್ಕ ತಿದ್ದಿಸಿಕೊಳ್ಳಿ, ಆದರೆ ಉಬ್ಬು ಮುಚ್ಚಳದ ಪ್ರತಿ ಟ್ಯಾಂಕಿಗೂ ಹಂತಹಂತಕ್ಕೆ ನೀರು ತುಂಬಿಯೇ ಚಾರ್ಟ್ ಕೊಡಬೇಕು. ಸಾಹೇಬರು ಟ್ಯಾಂಕರಿನ ಬಾಡಿಗೆಯ ಮಾತೆತ್ತಿದರು, ಶಿಂದೆಯವರು ಕೇಳಿಸಿಕೊಳ್ಳಲಿಲ್ಲ. ಸೋಪಿನ ಡಬ್ಬಿ ಉಗ್ರಾಣ ಸೇರಿತು. ಕುಲಕರ್ಣಿಯವರು ಎರಡು ದಿನ ನನ್ನ ಹತ್ತಿರ ಮಾತು ಬಿಟ್ಟರು. ಮೂರನೆಯ ದಿನ ಅವರೇ ಬಂದು, "ಬಾಈ, ಆ ಸೌತೆಕಾಯಿ ಲೆಕ್ಕ ನನಗೂ ಒಮ್ಮೆ ತೋರಿಸಿ" ಎಂದರು. ತೋರಿಸಿದೆ. ಅವರಿಗೂ ತಿಳಿಯಲಿಲ್ಲ. ಅಂದಿನಿಂದ ನಮ್ಮಿಬ್ಬರಿಗೆ ಚೆನ್ನಾಗಿ ಹೊಂದಿತು.

ನಾನು ನಿವೃತ್ತಳಾದ ದಿನ ಶಾಲು, ತೆಂಗಿನಕಾಯಿ ಎಲ್ಲ ಆಯಿತು. ಅಂಗಳದಲ್ಲಿ ಮುಂದಿನ ಟ್ಯಾಂಕಿಗೆ ನೀರು ಹರಿಯುತ್ತಿತ್ತು. ಶರಣಪ್ಪ ಮೀಟರ್ ನಿಲ್ಲಿಸಿ, ಕೈ ಒರೆಸಿಕೊಂಡು ಗೇಟಿನವರೆಗೆ ಬಂದ.

"ಅಕ್ಕಾರ, ಆ ಪುಸ್ತಕ ಓದಿ ಮುಗೀತೇನ್ರಿ?"

"ಎಲ್ಲಿ ಮುಗೀತೋ. ಇನ್ನೂ ಎರಡು ಪಾಠ ಅದಾವ. ಇನ್ನ ಮನ್ಯಾಗ ಕುಂತು ಮುಗಸ್ತೀನಿ."

ಅವನು ಒಮ್ಮೆ ಟ್ಯಾಂಕಿನ ಕಡೆ, ಒಮ್ಮೆ ನನ್ನ ಕಡೆ ನೋಡಿದ.

"ನನ್ನ ಮಗಳ ನರ್ಸಿಂಗ್ ಓದು ಇನ್ನೂ ಒಂದ್ ವರ್ಷ ಅದರಿ. ಅಲ್ಲೀತನ ಮುಗಸಬ್ಯಾಡ್ರಿ."